ಅಪ್ಪನ ಮೆದುಳಿನಲ್ಲಿ ಮಾತು ನಿಂತದ್ದು ಎಲ್ಲಿ?

ಪ್ರಶ್ನೆ: ನಮ್ಮದು ಕಾರಟಗಿ ಹತ್ತಿರದ ಹಳ್ಳಿ, ಎಂಟು ಎಕರೆ ಗದ್ದೆ. ಅಪ್ಪನಿಗೆ 61 ವರ್ಷ. ಒಂದೂವರೆ ವರ್ಷದ ಹಿಂದೆ ಬಲಗೈ ನಡುಗಲು ಶುರುವಾಯಿತು. ಸುಮ್ಮನೆ ಕುಳಿತಾಗ ನಡುಕ ಹೆಚ್ಚು, ಚಹಾದ ಲೋಟ ಹಿಡಿದಾಗ ಕಡಿಮೆ. ಈಗ ನಡಿಗೆ ನಿಧಾನವಾಗಿದೆ, ಬಲಗಾಲಿನ ಚಪ್ಪಲಿ ಜಾರಿದರೂ ಅವರಿಗೆ ತಿಳಿಯುವುದಿಲ್ಲ. ಅಕ್ಷರ ಸಣ್ಣದಾಗುತ್ತ ಹೋಗಿ, ಸಹಿ ಹೊಂದುವುದಿಲ್ಲವೆಂದು ಸೊಸೈಟಿಯಿಂದ ಸಾಲದ ಕಾಗದ ವಾಪಸ್ ಬಂತು. ಭಜನೆಯಲ್ಲಿ ತಾಳ ಹಾಕುತ್ತಿದ್ದವರು ಈಗ ಹೋಗುವುದನ್ನೇ ಬಿಟ್ಟಿದ್ದಾರೆ. ರಾಯಚೂರಿನಲ್ಲಿ ತೋರಿಸಿದಾಗ ಪಾರ್ಕಿನ್ಸನ್ ಎಂದರು. ‘ಮೆದುಳಿನ ಜೀವಕೋಶಗಳ ನಡುವೆ ಮಾತುಕತೆ ನಿಂತಿದೆ’ ಎಂದು ಹೇಳಿ ಮಾತ್ರೆ ಬರೆದುಕೊಟ್ಟರು. ಐದು ವರ್ಷಕ್ಕೆ ಆ ಮಾತ್ರೆ ಕೆಲಸ ನಿಲ್ಲಿಸುತ್ತದೆ, ಆದಷ್ಟು ತಡವಾಗಿ ಶುರು ಮಾಡಿ ಎಂದು ದೊಡ್ಡಪ್ಪ ಹೇಳಿದ್ದರಿಂದ ಇನ್ನೂ ಕೊಟ್ಟಿಲ್ಲ. ಒಬ್ಬರು ನಸುಗುನ್ನಿ ಬೀಜದ ಪುಡಿ ಸಾಕು ಎನ್ನುತ್ತಾರೆ. ಇನ್ನೊಂದು ಕಡೆ ಸ್ಟೆಮ್ ಸೆಲ್ ಇಂಜೆಕ್ಷನ್‌ಗೆ ನಾಲ್ಕು ಲಕ್ಷ ಕೇಳಿದ್ದಾರೆ. ಅಪ್ಪ ಮೂವತ್ತು ವರ್ಷ ಬೆನ್ನಿಗೆ ಪಂಪು ಕಟ್ಟಿಕೊಂಡು ಬೆಳೆಗೆ ಎಣ್ಣೆ (ಕೀಟನಾಶಕ, ಕಳೆನಾಶಕ) ಹೊಡೆದವರು. ಅದರಿಂದಲೇ ಬಂತೇ? ನನ್ನ ಮದುವೆ ಸೋದರಮಾವನ ಮಗನೊಂದಿಗೆ ನಿಶ್ಚಯವಾಗಿದೆ. ಇದು ವಂಶದಲ್ಲಿ ಬರುತ್ತದೆಯೇ ಎಂದು ಅತ್ತೆ ಕೇಳುತ್ತಿದ್ದಾರೆ. ನಿಂತ ಮಾತುಕತೆಯನ್ನು ಮತ್ತೆ ಶುರು ಮಾಡಿಸಲು ಆಗುವುದಿಲ್ಲವೇ? (ಅಪ್ಪನಿಗೆ ಬಿ.ಪಿ., ಸಕ್ಕರೆ ಇಲ್ಲ. ಎಂಟು ಹತ್ತು ವರ್ಷದಿಂದ ಮಲಬದ್ಧತೆ ಇದೆ. ಎರಡು ವರ್ಷದಿಂದ ದಿನಾ ಬೆಳಗ್ಗೆ ಗ್ಯಾಸಿನ ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಾರೆ. ಒಗ್ಗರಣೆಯ ವಾಸನೆ ತಿಳಿಯುವುದಿಲ್ಲ. ರಾತ್ರಿ ನಿದ್ದೆಯಲ್ಲಿ ಕೂಗುತ್ತಾರೆ, ಒಮ್ಮೆ ಅವ್ವನಿಗೆ ಒದ್ದಿದ್ದರು.)

ಉತ್ತರ: ನಿಮ್ಮ ಪತ್ರದಲ್ಲಿ ನಾನು ಮೊದಲು ಗೆರೆ ಎಳೆದುಕೊಂಡದ್ದು ಕೊನೆಯ ಆವರಣದೊಳಗಿನ ಸಾಲುಗಳಿಗೆ. ಎಲ್ಲವನ್ನೂ ಹೇಳಿ ಮುಗಿಸಿ, ಎದ್ದು ಬಾಗಿಲವರೆಗೆ ಹೋಗಿ, ‘ಇನ್ನೊಂದು ಸಣ್ಣದಿದೆ ಡಾಕ್ಟರೇ’ ಎಂದು ಮನೆಯವರು ತಿರುಗಿ ನಿಂತು ಹೇಳುವ ಮಾತಿನಲ್ಲೇ ಎಷ್ಟೋ ಸಲ ಅರ್ಧ ರೋಗ ಸಿಕ್ಕಿಬಿಡುತ್ತದೆ. ಬಳ್ಳಾರಿಯಲ್ಲಿ ಇಷ್ಟು ವರ್ಷ ನರರೋಗಿಗಳನ್ನು ನೋಡಿದ ಮೇಲೆ ನಾನು ಬಾಗಿಲ ಬಳಿಯ ಮಾತಿಗಾಗಿಯೇ ಕಾಯುತ್ತೇನೆ.

ಆ ಗ್ಯಾಸಿನ ಕ್ಯಾಪ್ಸೂಲಿನ ಸ್ಟ್ರಿಪ್ಪನ್ನು ಈಗಲೇ ತಿರುಗಿಸಿ ಓದಿ. ರಾಬೆಪ್ರಜೋಲ್ ಅಥವಾ ಪ್ಯಾಂಟೊಪ್ರಜೋಲ್ ಎಂದಷ್ಟೇ ಇದ್ದರೆ ಚಿಂತೆಯಿಲ್ಲ. ಅದರ ಜೊತೆ ‘ಲೆವೊಸಲ್ಪಿರೈಡ್’ ಎಂಬ ಹೆಸರಿದ್ದರೆ ನಿಮ್ಮ ವೈದ್ಯರಿಗೆ ಇಂದೇ ತಿಳಿಸಿ. ಈ ಔಷಧ ಹೊಟ್ಟೆಯ ಚಲನೆಗೆಂದು ಕೊಟ್ಟದ್ದಾದರೂ ಮೆದುಳಿಗೂ ಹೋಗುತ್ತದೆ, ಅಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ಬರಮಾಡಿಕೊಳ್ಳುವ ಗ್ರಾಹಕಗಳ ಮೇಲೆ ಕುಳಿತುಬಿಡುತ್ತದೆ. ಹೇಳುವವನು ಹೇಳುತ್ತಲೇ ಇರುತ್ತಾನೆ, ಕೇಳುವವನ ಕಿವಿಗೆ ಮಾತ್ರ ಅರಳೆ ಬಿದ್ದಿರುತ್ತದೆ. ಹೊರಗಿನಿಂದ ನೋಡಿದರೆ ಥೇಟ್ ಪಾರ್ಕಿನ್ಸನ್. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ತಲೆಸುತ್ತು ಮತ್ತು ಅರೆತಲೆನೋವಿಗೆ ತಿಂಗಳುಗಟ್ಟಲೆ ನುಂಗುವ ಸಿನ್ನರಿಜಿನ್, ಫ್ಲುನರಿಜಿನ್, ಮಾನಸಿಕ ಕಾಯಿಲೆಗೆ ಕೊಡುವ ಹ್ಯಾಲೊಪೆರಿಡಾಲ್ ಇವೂ ಇದೇ ಕೆಲಸ ಮಾಡಬಲ್ಲವು. ನಿಲ್ಲಿಸಿದರೆ ಹೆಚ್ಚಿನವರು ಕೆಲವು ವಾರಗಳಿಂದ ಕೆಲವು ತಿಂಗಳುಗಳಲ್ಲಿ ಮೊದಲಿನಂತಾಗುತ್ತಾರೆ. ಹಾಗಾಗಿ ನಡುಗುವ ಕೈಯನ್ನು ನೋಡುವ ಮೊದಲು ಮಾತ್ರೆಯ ಚೀಲವನ್ನು ಮೇಜಿನ ಮೇಲೆ ಸುರಿಸುವುದು ನನ್ನ ಅಭ್ಯಾಸ.

ಆದರೆ ನಿಮ್ಮ ತಂದೆಯವರ ವಿಷಯ ಕ್ಯಾಪ್ಸೂಲಿನಿಂದಷ್ಟೇ ಮುಗಿಯುವಂತೆ ಕಾಣುವುದಿಲ್ಲ. ನಡುಕ ಒಂದೇ ಬದಿಗೆ ಶುರುವಾಗಿದೆ, ಕೈ ಸುಮ್ಮನಿದ್ದಾಗ ಹೆಚ್ಚು. ಔಷಧದಿಂದ ಬಂದದ್ದು ಬಹುಪಾಲು ಎರಡೂ ಬದಿಗೆ ಒಟ್ಟಿಗೇ ಬರುತ್ತದೆ. ವಯಸ್ಸಾದವರಲ್ಲಿ ಸಾಮಾನ್ಯವಾದ ಇನ್ನೊಂದು ಬಗೆಯ ನಡುಕವಿದೆ, ಅದು ಲೋಟ ಎತ್ತಿದಾಗ ಹೆಚ್ಚುತ್ತದೆ. ಅದೂ ಇದಲ್ಲ. ಮೇಲಾಗಿ ವಾಸನೆ ಹೋಗಿದೆ, ಮಲಬದ್ಧತೆ ಹಳೆಯದು, ಕನಸಿನಲ್ಲಿ ಕೈಕಾಲು ಆಡುತ್ತವೆ. ಕನಸು ಬೀಳುವಾಗ ಸ್ನಾಯುಗಳನ್ನು ಸಡಿಲಬಿಟ್ಟು ನಮ್ಮನ್ನು ಹಾಸಿಗೆಯಲ್ಲಿ ಕಟ್ಟಿಹಾಕುವ ವ್ಯವಸ್ಥೆಯೊಂದು ಮೆದುಳಿನ ಕಾಂಡದಲ್ಲಿದೆ. ಅದು ಕೆಟ್ಟರೆ ಕನಸಿನ ಜಗಳ ಅವ್ವನ ಬೆನ್ನಿಗೆ ತಲುಪುತ್ತದೆ. ಈ ಮೂರೂ ಪಾರ್ಕಿನ್ಸನ್ ರೋಗದಲ್ಲಿ ಕೈ ನಡುಗುವುದಕ್ಕೆ ಎಷ್ಟೋ ವರ್ಷ ಮೊದಲೇ ಬರಬಹುದಾದ ಗುರುತುಗಳು. ಅಂದರೆ ನಿಮ್ಮ ಮನೆಗೆ ರೋಗ ಬಂದದ್ದು ಒಂದೂವರೆ ವರ್ಷದ ಹಿಂದೆ ಅಲ್ಲ. ಹೊಟ್ಟೆಯ ತೊಂದರೆಯೂ ರೋಗದ್ದೇ ಇರಬಹುದು, ಅದಕ್ಕೆ ಕೊಟ್ಟ ಕ್ಯಾಪ್ಸೂಲು ಅದೇ ರೋಗವನ್ನು ಇನ್ನಷ್ಟು ಎತ್ತಿ ತೋರಿಸಿರಬಹುದು. ಕ್ಯಾಪ್ಸೂಲು ನಿಲ್ಲಿಸಿದ ಮೇಲೂ ಅನುಮಾನ ಉಳಿದರೆ ಡೋಪಮೈನ್ ನರತುದಿಗಳನ್ನು ತೋರಿಸುವ ಟ್ರೊಡ್ಯಾಟ್ ಎಂಬ ಸ್ಕ್ಯಾನ್ ದೊಡ್ಡ ನಗರಗಳಲ್ಲಿ ಸಿಗುತ್ತದೆ. ಎಲ್ಲರಿಗೂ ಅದು ಬೇಕಿಲ್ಲ. ಸಾಧಾರಣ ಎಂ.ಆರ್.ಐ.ಯಲ್ಲಿ ‘ನಾರ್ಮಲ್’ ಎಂದು ಬಂದರೆ ರೋಗವಿಲ್ಲ ಎಂದು ಅರ್ಥವಲ್ಲ ಎಂಬುದು ಮಾತ್ರ ನೆನಪಿರಲಿ.

ಊರಿನಲ್ಲಿ ಯಾರಾದರೂ ಇದನ್ನು ಲಕ್ವ ಎಂದಿದ್ದರೆ ಅದನ್ನು ಬಿಟ್ಟುಬಿಡಿ. ಲಕ್ವದಲ್ಲಿ ಶಕ್ತಿ ಹೋಗುತ್ತದೆ. ಇಲ್ಲಿ ಶಕ್ತಿ ಇದೆ, ಅದನ್ನು ಬೇಕಾದ ಹೊತ್ತಿಗೆ, ಬೇಕಾದ ಅಳತೆಯಲ್ಲಿ ಹೊರಡಿಸುವ ಅಪ್ಪಣೆ ತಡವಾಗಿದೆ. ‘ನರದ ಬಲಹೀನತೆ’ ಎಂದು ವಾರಕ್ಕೊಂದು ಕೆಂಪು ಇಂಜೆಕ್ಷನ್ ಹಾಕಿಸುವುದರಿಂದಲೂ ಉಪಯೋಗವಿಲ್ಲ.

ಈಗ ಮಾತುಕತೆಯ ವಿಷಯ. ರಾಯಚೂರಿನ ವೈದ್ಯರು ಹೇಳಿದ್ದು ಸರಿ, ಆದರೆ ಅರ್ಧ. ಯಾರ ಮತ್ತು ಯಾರ ನಡುವಿನ ಮಾತು?

ಮೆದುಳಿನ ನಡುಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಕಪ್ಪು ಪಟ್ಟಿ ಇದೆ. ವಿದ್ಯಾರ್ಥಿಯಾಗಿದ್ದಾಗ ಫಾರ್ಮಲಿನ್‌ನಲ್ಲಿಟ್ಟ ಮೆದುಳಿನ ತುಂಡುಗಳಲ್ಲಿ ನಾನು ಅದನ್ನು ಕಂಡಿದ್ದೆ. ಆರೋಗ್ಯವಂತನ ಮೆದುಳಿನಲ್ಲಿ ಕಾಡಿಗೆಯಿಂದ ಎಳೆದ ಹಾಗೆ ಸ್ಪಷ್ಟ, ಪಾರ್ಕಿನ್ಸನ್ ರೋಗಿಯದರಲ್ಲಿ ತೊಳೆದು ಹೋದ ಹಾಗೆ. ಆ ಕಪ್ಪು ಬಣ್ಣ ಡೋಪಮೈನ್ ತಯಾರಿಕೆಯ ಜೊತೆಗೇ ಹುಟ್ಟಿ ಜೀವಕೋಶದಲ್ಲಿ ಕೂಡಿಕೊಳ್ಳುವ ವರ್ಣದ್ರವ್ಯ. ಡೋಪಮೈನ್ ತಯಾರಿಸುವ ಈ ಕೋಶಗಳು ಎರಡೂ ಬದಿ ಸೇರಿ ಕೆಲವೇ ಲಕ್ಷ. ಕೋಟ್ಯಂತರ ಕೋಶಗಳ ಮೆದುಳಿಗೆ ಇದು ಬಹಳ ಚಿಕ್ಕ ಸಂಖ್ಯೆ. ಒಂದೊಂದು ಕೋಶವೂ ಉದ್ದನೆಯ ತಂತುವೊಂದನ್ನು ಮೇಲಿನ ಸ್ಟ್ರಯೇಟಮ್ ಎಂಬ ಭಾಗಕ್ಕೆ ಕಳುಹಿಸುತ್ತದೆ. ಅಲ್ಲಿ ಆ ತಂತು ಕವಲೊಡೆದು, ಮತ್ತೆ ಕವಲೊಡೆದು, ಒಂದೇ ಕೋಶಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಸಂಪರ್ಕಬಿಂದುಗಳಾಗುತ್ತವೆ ಎಂಬುದು ಒಂದು ಅಂದಾಜು. ಎಲ್ಲ ಕವಲುಗಳನ್ನು ಒಂದಕ್ಕೊಂದು ಜೋಡಿಸಿದರೆ ನಾಲ್ಕು ಮೀಟರು ಮೀರುತ್ತದಂತೆ.

ತುಂಗಭದ್ರೆಯ ಎಡದಂಡೆ ನಾಲೆಯ ಪಕ್ಕ ಬೆಳೆದವರಿಗೆ ನಾನು ಇದಕ್ಕಿಂತ ಹೆಚ್ಚು ವಿವರಿಸಬೇಕಿಲ್ಲ. ಮುಖ್ಯ ನಾಲೆ, ವಿತರಣಾ ನಾಲೆ, ಉಪಕಾಲುವೆ, ಕೊನೆಗೆ ಒಂದೊಂದು ಹೊಲದ ತೂಬು. ಪ್ರತಿ ತೂಬಿನಲ್ಲಿಯೂ ಡೋಪಮೈನ್ ತುಂಬಿದ ಸೂಕ್ಷ್ಮ ಚೀಲಗಳು ಸಾಲಾಗಿ ಕಾದಿರುತ್ತವೆ. ವಿದ್ಯುತ್ ಸಂಕೇತ ಬಂದೊಡನೆ ಚೀಲ ಅಂಚಿಗೆ ಅಂಟಿ ಬಾಯಿ ತೆರೆಯುತ್ತದೆ. ಡೋಪಮೈನ್ ಹೊರಬಿದ್ದು, ಒಂದು ಮಿಲಿಮೀಟರಿನ ಐವತ್ತು ಸಾವಿರದಲ್ಲೊಂದು ಪಾಲಿನಷ್ಟು ಅಗಲದ ಸಂದಿಯನ್ನು ದಾಟಿ, ಎದುರಿನ ಕೋಶದ ಗ್ರಾಹಕಕ್ಕೆ ತಾಗುತ್ತದೆ. ಉಳಿದದ್ದನ್ನು ಮೊದಲಿನ ಕೋಶವೇ ವಾಪಸ್ ಎಳೆದುಕೊಂಡು ಮತ್ತೆ ಚೀಲಕ್ಕೆ ತುಂಬುತ್ತದೆ. ಎದುರಿನ ಕೋಶಗಳಲ್ಲಿ ಎರಡು ಬಣ. ಒಂದು ಚಲನೆಗೆ ‘ಹೊರಡು’ ಎನ್ನುತ್ತದೆ, ಇನ್ನೊಂದು ‘ತಡೆ’ ಎನ್ನುತ್ತದೆ. ಡೋಪಮೈನ್ ಮೊದಲನೆಯದನ್ನು ಹುರಿದುಂಬಿಸಿ ಎರಡನೆಯದನ್ನು ಸುಮ್ಮನಾಗಿಸುತ್ತದೆ. ಅದು ಕಡಿಮೆಯಾದಾಗ ತಡೆಯುವವರ ದನಿಯೇ ಜೋರಾಗುತ್ತದೆ. ಚಪ್ಪಲಿ ಜಾರುವುದು, ಅಕ್ಷರ ಕಿರಿದಾಗುವುದು, ಮುಖದ ಮೇಲಿನ ಕಳೆ ಇಂಗುವುದು ಎಲ್ಲವೂ ಇದರ ಫಲ.

ಕಾಲುವೆಯಲ್ಲಿ ನೀರು ಕಡಿಮೆಯಾದಾಗ ಮೊದಲು ಒಣಗುವುದು ಕೊನೆ ಭಾಗದ ಹೊಲ. ಇಲ್ಲಿಯೂ ಅಷ್ಟೇ. ಮೊದಲು ಸೊರಗುವುದು ಸ್ಟ್ರಯೇಟಮ್‌ನಲ್ಲಿರುವ ತಂತುವಿನ ತುದಿಗಳು, ಕೋಶ ಸಾಯುವುದು ಆಮೇಲೆ. ಉಳಿದ ತುದಿಗಳು ಬಹುಕಾಲ ತೂಗಿಸಿಕೊಂಡು ಹೋಗುತ್ತವೆ. ಕೈ ನಡುಗುವ ಹೊತ್ತಿಗೆ ಕಪ್ಪು ಕೋಶಗಳಲ್ಲಿ ಸುಮಾರು ಅರ್ಧ, ಸ್ಟ್ರಯೇಟಮ್ ತಲುಪುವ ಡೋಪಮೈನ್‌ನಲ್ಲಿ ಅದಕ್ಕೂ ಹೆಚ್ಚು ಪಾಲು ಹೋಗಿರುತ್ತದೆ. ‘ಮಾತುಕತೆ ನಿಂತಿದೆ’ ಎಂಬುದಕ್ಕೆ ನಾನು ಸೇರಿಸುವ ತಿದ್ದುಪಡಿ ಇದು: ಕೇಳುವವರು ಇನ್ನೂ ಇದ್ದಾರೆ, ಕಾದೂ ಇದ್ದಾರೆ. ಹೇಳುವವರು ಕಡಿಮೆಯಾಗಿದ್ದಾರೆ.

ಹೇಳುವವರು ಯಾಕೆ ಸಾಯುತ್ತಾರೆ? ಇದಕ್ಕೆ ಒಂದೇ ಕಾರಣ ಹೇಳುವವರನ್ನು ನಂಬಬೇಡಿ. ಆ ನರತುದಿಗಳಲ್ಲಿ ಆಲ್ಫಾ-ಸಿನ್ಯೂಕ್ಲಿನ್ ಎಂಬ ಚಿಕ್ಕ ಪ್ರೋಟೀನ್ ಇದೆ, 140 ಅಮೈನೋ ಆಮ್ಲಗಳ ಸರಪಳಿ. ಡೋಪಮೈನ್ ಚೀಲಗಳನ್ನು ಸಾಲಾಗಿ ನಿಲ್ಲಿಸಿ ಅಂಚಿಗೆ ಅಂಟಿಸುವ ಕೆಲಸದಲ್ಲಿ ಇದರ ಕೈಯಿದೆ. ಇದಕ್ಕೆ ಸ್ವಂತ ಆಕಾರವಿಲ್ಲ, ನೆನೆದ ನೂಲಿನ ಹಾಗೆ. ಚೀಲದ ಪೊರೆಗೆ ತಾಗಿದಾಗ ಸುರುಳಿಯಾಗುತ್ತದೆ. ಕೆಲವೊಮ್ಮೆ ತಪ್ಪಾಗಿ ಮಡಚಿಕೊಂಡು ಒಂದರ ಮೇಲೊಂದು ಅಂಟುತ್ತದೆ, ಮೊದಲು ಸಣ್ಣ ಗುಂಪು, ಆಮೇಲೆ ನಾರು, ಕೊನೆಗೆ ಗಂಟು. 1912ರಲ್ಲಿ ಫ್ರೆಡರಿಕ್ ಲೂಯಿ ಸೂಕ್ಷ್ಮದರ್ಶಕದಲ್ಲಿ ಇಂಥ ಗಂಟುಗಳನ್ನು ಕಂಡರು. ಅವುಗಳೊಳಗೆ ಇರುವುದು ಆಲ್ಫಾ-ಸಿನ್ಯೂಕ್ಲಿನ್ ಎಂದು ತಿಳಿಯಲು 1997 ಬರಬೇಕಾಯಿತು. ದೊಡ್ಡ ಗಂಟಿಗಿಂತ ಮೊದಲಿನ ಸಣ್ಣ ಗುಂಪುಗಳೇ ಹೆಚ್ಚು ವಿಷಕಾರಿ ಎಂಬ ಅಭಿಪ್ರಾಯ ಈಗ ಬಲವಾಗಿದೆ. ಅವು ಚೀಲಗಳ ಓಡಾಟವನ್ನು ಕೆಡಿಸುತ್ತವೆ, ಪೊರೆಗಳನ್ನು ತೂತು ಮಾಡುತ್ತವೆ, ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾಗಳನ್ನು ಕುಂದಿಸುತ್ತವೆ. ಕೋಶ ಸಾಯುವ ಮೊದಲೇ ಅದರ ಮಾತು ತೊದಲುವುದು ಹೀಗೆ.

ತಪ್ಪಾಗಿ ಮಡಚಿದ್ದನ್ನು ಗುಡಿಸಿ ಹಾಕಲು ಪ್ರತಿ ಕೋಶದಲ್ಲೂ ಲೈಸೊಸೋಮ್ ಎಂಬ ತಿಪ್ಪೆ ಇದೆ. ಅಲ್ಲಿ ಕೆಲಸ ಮಾಡುವ ಒಂದು ಕಿಣ್ವದ ವಂಶವಾಹಿ, ಜಿಬಿಎ-1, ಕೆಟ್ಟಿದ್ದರೆ ರೋಗದ ಸಾಧ್ಯತೆ ಹೆಚ್ಚುತ್ತದೆ. ಹಾಳಾದ ಮೈಟೊಕಾಂಡ್ರಿಯಾಗೆ ಗುರುತು ಹಾಕಿ ತಿಪ್ಪೆಗೆ ಸಾಗಿಸುವ ಇಬ್ಬರು ನೌಕರರಿದ್ದಾರೆ, ಪಿಂಕ್-1 ಮತ್ತು ಪಾರ್ಕಿನ್. ಈ ಹೆಸರುಗಳು ಮದುವೆಯ ಪ್ರಶ್ನೆಯಲ್ಲಿ ಮತ್ತೆ ಬರುತ್ತವೆ. ಎಲ್ಲ ಕೋಶಗಳಲ್ಲೂ ಈ ವ್ಯವಸ್ಥೆ ಇರುವಾಗ ಕಪ್ಪು ಕೋಶಗಳೇ ಯಾಕೆ ಮೊದಲು ಸೋಲಬೇಕು? ಅವುಗಳ ದುಡಿಮೆಯನ್ನು ನೋಡಿ. ಹಗಲೂ ರಾತ್ರಿ ತಾವಾಗಿಯೇ ಮಿಡಿಯುತ್ತಿರುತ್ತವೆ, ಪ್ರತಿ ಮಿಡಿತಕ್ಕೂ ಒಳನುಗ್ಗುವ ಕ್ಯಾಲ್ಸಿಯಂ ಅನ್ನು ಹೊರದೂಡಬೇಕು, ಹತ್ತು ಲಕ್ಷ ತೂಬುಗಳಿಗೆ ಸಾಮಾನು ಸಾಗಿಸಬೇಕು. ಡೋಪಮೈನ್ ಕೂಡ ಚೀಲದ ಹೊರಗೆ ಉಳಿದರೆ ಸುಡುವ ವಸ್ತುವೇ. ಸಾಲ ಮಾಡಿ ಎರಡು ಬೆಳೆ ತೆಗೆಯುವ ರೈತನ ಹಾಗೆ, ಒಂದು ಮಳೆ ತಪ್ಪಿದರೂ ಅವಕ್ಕೆ ತಾಳಿಕೆ ಇಲ್ಲ.

ಇನ್ನೊಂದು ವಿಚಿತ್ರವಿದೆ. 2008ರಲ್ಲಿ ಒಂದು ವರದಿ ಬಂತು: ಹತ್ತು ವರ್ಷಕ್ಕೂ ಹಿಂದೆ ಪಾರ್ಕಿನ್ಸನ್ ರೋಗಿಗಳ ಮೆದುಳಿಗೆ ಕಸಿ ಮಾಡಿದ್ದ ಎಳೆಯ ಕೋಶಗಳಲ್ಲೂ ಅದೇ ಗಂಟುಗಳು ಕಂಡಿದ್ದವು. ತಪ್ಪಾಗಿ ಮಡಚಿದ ಪ್ರೋಟೀನ್ ಒಂದು ಕೋಶದಿಂದ ಇನ್ನೊಂದಕ್ಕೆ ದಾಟಿ ಅಲ್ಲಿನ ಸರಿಯಿರುವ ಪ್ರೋಟೀನನ್ನೂ ತನ್ನಂತೆ ಮಾಡುತ್ತದೆ ಎಂಬ ಅನುಮಾನ ಇದರಿಂದ ಬಲವಾಯಿತು. ಮಾತು ಕಡಿಮೆಯಾದ ದಾರಿಯಲ್ಲೇ ಗಾಳಿಸುದ್ದಿ ಹಬ್ಬಿದ ಹಾಗೆ. ಕೆಲವರಲ್ಲಿ ಇದು ಕರುಳಿನ ನರಗಳಲ್ಲಿ ಶುರುವಾಗಿ ಮೇಲಕ್ಕೆ ಹತ್ತುತ್ತದೆ ಎಂಬ ವಾದವನ್ನು 2003ರಲ್ಲಿ ಹೈಕೊ ಬ್ರಾಕ್ ಮತ್ತು ಸಂಗಡಿಗರು ಮುಂದಿಟ್ಟರು. ನಿಮ್ಮ ತಂದೆಯ ಹಳೆಯ ಮಲಬದ್ಧತೆ ಅದಕ್ಕೆ ಹೊಂದುತ್ತದೆ. ಹಾಗೆಂದು ಈ ರೋಗ ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ಒಂದೇ ತಟ್ಟೆಯಲ್ಲಿ ಊಟ ಮಾಡಿ.

ಮಾತನ್ನು ಮತ್ತೆ ಶುರು ಮಾಡಿಸಬಹುದೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕ ಕತೆಯಲ್ಲಿ ನಮ್ಮ ಎರಡು ಗಿಡಗಳಿವೆ. ಸರ್ಪಗಂಧದ ಬೇರಿನಿಂದ ತೆಗೆದ ರೆಸರ್ಪಿನ್ ಕೊಟ್ಟಾಗ ಮೊಲಗಳು ಕಲ್ಲಿನಂತೆ ಕುಳಿತುಬಿಡುತ್ತಿದ್ದವು, ಅದು ಚೀಲಗಳನ್ನು ಖಾಲಿ ಮಾಡುತ್ತದೆ. 1957ರಲ್ಲಿ ಸ್ವೀಡನ್ನಿನ ಅರ್ವಿಡ್ ಕಾರ್ಲ್ಸನ್ ಅಂಥ ಮೊಲಗಳಿಗೆ, ಮೆದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಡೋಪಾ ಚುಚ್ಚಿದಾಗ ಅವು ಎದ್ದು ಓಡಾಡಿದವು. ಅವರಿಗೆ 2000ದಲ್ಲಿ ನೊಬೆಲ್ ಬಂತು. ಮೊಲಗಳ ಪ್ರಯೋಗವಾದ ಮೂರು ವರ್ಷದ ನಂತರ, 1960ರಲ್ಲಿ, ವಿಯೆನ್ನಾದ ಓಲೆ ಹಾರ್ನಿಕೀವಿಚ್ ರೋಗಿಗಳ ಸ್ಟ್ರಯೇಟಮ್‌ನಲ್ಲಿ ಡೋಪಮೈನ್ ತೀರಾ ಕಡಿಮೆಯಾಗಿರುವುದನ್ನು ತೋರಿಸಿದರು. ಇನ್ನೊಂದು ಗಿಡ ನಿಮ್ಮ ಪತ್ರದಲ್ಲೇ ಇರುವ ನಸುಗುನ್ನಿ. ಅದರ ಬೀಜದಿಂದ ಡೋಪಾದ ಒಂದು ರೂಪವಾದ ಲೆವೊಡೋಪಾವನ್ನು ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲೇ ಬೇರ್ಪಡಿಸಿದ್ದರು. ಹಾಗಾಗಿ ನಸುಗುನ್ನಿ ಹೇಳಿದವರನ್ನು ನೋಡಿ ನಾನು ನಗುವುದಿಲ್ಲ. ಅವರು ಹೇಳುತ್ತಿರುವುದೂ ನಿಮಗೆ ಬರೆದುಕೊಟ್ಟ ಮಾತ್ರೆಯೊಳಗಿನ ವಸ್ತುವನ್ನೇ.

ವ್ಯತ್ಯಾಸ ಇಷ್ಟೇ, ಆದರೆ ದೊಡ್ಡದು. ಡೋಪಮೈನನ್ನೇ ಕೊಟ್ಟರೆ ಅದು ರಕ್ತದಿಂದ ಮೆದುಳಿಗೆ ದಾಟುವುದಿಲ್ಲ, ಲೆವೊಡೋಪಾ ದಾಟುತ್ತದೆ. ಆದರೆ ದಾರಿಯಲ್ಲೇ ಬಹುಪಾಲು ಡೋಪಮೈನ್ ಆಗಿ ವಾಂತಿ ತರಿಸುತ್ತದೆ. ಮಾತ್ರೆಯಲ್ಲಿ ಅದರೊಂದಿಗೆ ಇರುವ ಕಾರ್ಬಿಡೋಪಾ ಆ ಸೋರಿಕೆಯನ್ನು ತಡೆಯುತ್ತದೆ. ಪುಡಿಯಲ್ಲಿ ಅದಿಲ್ಲ. ಪುಡಿಯ ಒಂದು ಚಮಚದಲ್ಲಿ ಎಷ್ಟಿದೆ ಎಂಬುದು ಬೀಜದಿಂದ ಬೀಜಕ್ಕೆ ಬದಲಾಗುತ್ತದೆ. ಎಲ್ಲಕ್ಕಿಂತ ಅಪಾಯ ಮಾತ್ರೆಯನ್ನೂ ನುಂಗಿ, ವೈದ್ಯರಿಗೆ ಹೇಳದೆ ಪುಡಿಯನ್ನೂ ತಿನ್ನುವುದು. ಆಗ ಕೈಕಾಲು ಹಾವಿನಂತೆ ಹೊರಳಾಡುತ್ತವೆ, ಇಲ್ಲದ ಜನ ಕಾಣಿಸುತ್ತಾರೆ, ಎದ್ದು ನಿಂತರೆ ತಲೆ ತಿರುಗುತ್ತದೆ. ‘ಪುಡಿ ತಿನ್ನುತ್ತಿದ್ದೀರಾ’ ಎಂದು ನೇರವಾಗಿ ಕೇಳಿದರೆ ತಲೆ ಅಲ್ಲಾಡಿಸುವವರು, ‘ಊರಲ್ಲಿ ಏನು ಔಷಧಿ ಮಾಡಿದಿರಿ’ ಎಂದು ಕೇಳಿದರೆ ಡಬ್ಬಿಯನ್ನೇ ತೋರಿಸುತ್ತಾರೆ.

ನಿಮ್ಮ ದೊಡ್ಡಪ್ಪನ ಮಾತು ಎಲ್ಲಿಂದ ಬಂತು ಎಂದು ನನಗೆ ಗೊತ್ತು, ಒಂದು ಕಾಲದಲ್ಲಿ ವೈದ್ಯರೇ ಹೀಗೆ ಹೇಳುತ್ತಿದ್ದರು. ಮಾತ್ರೆ ಐದು ವರ್ಷಕ್ಕೆ ಸಾಯುವುದಿಲ್ಲ. ಲೆವೊಡೋಪಾ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದೂವರೆ ಗಂಟೆ ಸಾಕು. ಆದರೂ ಮೊದಲ ವರ್ಷಗಳಲ್ಲಿ ದಿನಕ್ಕೆ ಮೂರು ಮಾತ್ರೆಯಲ್ಲಿ ದಿನವಿಡೀ ಸುಖ. ಕಾರಣ, ಉಳಿದಿರುವ ನರತುದಿಗಳು ಅದನ್ನು ಹೀರಿ, ಚೀಲದಲ್ಲಿ ತುಂಬಿಟ್ಟು, ಹದವಾಗಿ ಬಿಡುತ್ತವೆ. ಟ್ಯಾಂಕರಿನಲ್ಲಿ ನೀರು ಬಂದರೂ ಹೊಲದಲ್ಲಿ ಕೃಷಿಹೊಂಡ ಇದ್ದ ಹಾಗೆ. ವರ್ಷ ಕಳೆದಂತೆ ಹೊಂಡಗಳು ಹೂಳು ತುಂಬುತ್ತವೆ. ಆಗ ಟ್ಯಾಂಕರ್ ಬಂದಾಗ ನೀರು, ಹೋದಾಗ ಬರ. ಮಾತ್ರೆಯ ಪ್ರಭಾವ ಮೂರು ಗಂಟೆಗೇ ಇಳಿಯುವುದು, ಏರಿದಾಗ ಮೈ ತಿರುಚುವುದು ಶುರುವಾಗುತ್ತದೆ. ನಾಲ್ಕರಿಂದ ಆರು ವರ್ಷದಲ್ಲಿ ಹತ್ತರಲ್ಲಿ ಸುಮಾರು ನಾಲ್ಕು ಜನರಿಗೆ ಇದು ಬರುತ್ತದೆ. ಇದಕ್ಕೆ ಕಾರಣ ಹೂಳು, ಟ್ಯಾಂಕರ್ ಅಲ್ಲ. ಘಾನಾದಲ್ಲಿ ಮಾತ್ರೆ ಸಿಗದೆ ವರ್ಷಗಟ್ಟಲೆ ತಡವಾಗಿ ಶುರು ಮಾಡಿದವರನ್ನು ಇಟಲಿಯಲ್ಲಿ ಬೇಗ ಶುರು ಮಾಡಿದವರೊಂದಿಗೆ ಹೋಲಿಸಿ 2014ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ರೋಗ ಶುರುವಾಗಿ ಸರಿಸುಮಾರು ಅಷ್ಟೇ ವರ್ಷಕ್ಕೆ ಇಬ್ಬರಿಗೂ ಈ ಏರಿಳಿತ ಬಂದಿತ್ತು. ಕಾದವರು ಕಳೆದುಕೊಂಡದ್ದು ಒಳ್ಳೆಯ ವರ್ಷಗಳನ್ನು ಮಾತ್ರ.

ಮಾತ್ರೆ ರೋಗವನ್ನು ನಿಲ್ಲಿಸುವುದಿಲ್ಲ, ಕೋಶ ಸಾಯುವುದನ್ನೂ ತಡೆಯುವುದಿಲ್ಲ. ಈ ಮಾತನ್ನು ನಾನು ಮುಚ್ಚಿಡುವುದಿಲ್ಲ. ನಿಂತುಹೋಗಿದ್ದ ಮಾತಿಗೆ ಪದಗಳನ್ನು ಒದಗಿಸುತ್ತದೆ, ಅಷ್ಟೇ. ನಿಮ್ಮ ತಂದೆಗೆ ಅಕ್ಷರ, ನಡಿಗೆ, ಭಜನೆ ಮೂರೂ ತಪ್ಪಿರುವಾಗ ಶುರು ಮಾಡುವ ಕಾಲ ಬಂದಿದೆ ಎಂಬುದು ನನ್ನ ಅಭಿಪ್ರಾಯ. ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಕೊಡಿ. ಬೇಳೆ, ಹೆಸರುಕಾಳು, ಮೊಸರು, ಮೊಟ್ಟೆಯ ಪ್ರೋಟೀನು ಕರುಳಿನಲ್ಲೂ ಮೆದುಳಿನ ಬಾಗಿಲಲ್ಲೂ ಇದೇ ಮಾತ್ರೆಯೊಂದಿಗೆ ನೂಕಾಟ ನಡೆಸುತ್ತದೆ. ಸದ್ಯಕ್ಕೆ ಪಥ್ಯ ಬೇಡ. ಮುಂದೆ ಮಧ್ಯಾಹ್ನದ ಮಾತ್ರೆ ಹತ್ತುತ್ತಿಲ್ಲ ಎನಿಸಿದರೆ ಕಾಳು ಬೇಳೆಯನ್ನು ರಾತ್ರಿಗೆ ಹೊರಳಿಸಿ, ಹಗಲಿಗೆ ರೊಟ್ಟಿ, ಸೊಪ್ಪು, ತರಕಾರಿ ಇರಲಿ. ಕಬ್ಬಿಣದ ಮಾತ್ರೆಯನ್ನು ಇದರ ಜೊತೆ ಕೊಡಬೇಡಿ. ಮೊದಲ ವಾರಗಳಲ್ಲಿ ಹೊಟ್ಟೆ ತೊಳಸಿದರೆ ವೈದ್ಯರು ಡೊಂಪೆರಿಡೋನ್ ಕೊಡಬಹುದು, ಅದು ಮೆದುಳಿಗೆ ಅಷ್ಟಾಗಿ ದಾಟುವುದಿಲ್ಲ. ಹೃದಯದ ತೊಂದರೆ ಇದ್ದರೆ ಮೊದಲೇ ಹೇಳಿ. ಒಂದು ಮಾತು ಗಟ್ಟಿಯಾಗಿ ಹೇಳಬೇಕು: ಶುರು ಮಾಡಿದ ಮೇಲೆ, ಜಾತ್ರೆಗೆ ಹೋದೆವು, ಮಾತ್ರೆ ಮುಗಿದಿತ್ತು ಎಂದು ಒಮ್ಮೆಗೇ ನಿಲ್ಲಿಸಬೇಡಿ. ಮೈ ಸೆಟೆದು ಜ್ವರ ಏರಿ ಪ್ರಾಣಕ್ಕೆ ಬಂದದ್ದುಂಟು.

ಉಳಿದ ಮಾತ್ರೆಗಳ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಪ್ರಮಿಪೆಕ್ಸೋಲ್, ರೋಪಿನಿರೋಲ್ ಡೋಪಮೈನಿನ ವೇಷ ಹಾಕಿ ಗ್ರಾಹಕಕ್ಕೆ ಹೋಗುತ್ತವೆ, ಒಳ್ಳೆಯ ಔಷಧಗಳು. ಆದರೆ ಕೆಲವರಿಗೆ ತಡೆಯಲಾಗದ ಚಟ ಹತ್ತಿಸುತ್ತವೆ. ಎಂದೂ ಮಟ್ಕಾ ಮುಟ್ಟದವರು ಜೂಜಿಗೆ ಇಳಿದರೆ, ಮೊಬೈಲಿನಲ್ಲಿ ರಮ್ಮಿ ಆಡತೊಡಗಿದರೆ ಬೈಯುವ ಮೊದಲು ವೈದ್ಯರಿಗೆ ಹೇಳಿ. ಟ್ರೈಹೆಕ್ಸಿಫೆನಿಡಿಲ್ ಅಗ್ಗ, ನಡುಕಕ್ಕೆ ಒಳ್ಳೆಯದು. 61ರ ವಯಸ್ಸಿಗೆ, ಮಲಬದ್ಧತೆ ಇರುವವರಿಗೆ, ನಾನು ಬರೆಯುವುದಿಲ್ಲ. ನೆನಪನ್ನು ಮಂಕು ಮಾಡುತ್ತದೆ, ಮೂತ್ರ ಕಟ್ಟಿಸುತ್ತದೆ. ರಸಾಜಿಲಿನ್ ಸೌಮ್ಯ, ಪ್ರಯೋಜನವೂ ಸೌಮ್ಯ.

ನಾಲ್ಕು ಲಕ್ಷದ ಇಂಜೆಕ್ಷನ್ನಿಗೆ ಗದ್ದೆಯ ಮೇಲೆ ಸಾಲ ಎತ್ತಬೇಡಿ. ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಸಂಶೋಧನೆ ಸುಳ್ಳಲ್ಲ. 2025ರಲ್ಲಿ ಅಮೆರಿಕ ಮತ್ತು ಜಪಾನಿನ ಎರಡು ತಂಡಗಳು, ಒಂದು 12 ಜನರಲ್ಲಿ, ಇನ್ನೊಂದು 7 ಜನರಲ್ಲಿ ನಡೆಸಿದ ಆರಂಭಿಕ ಪ್ರಯೋಗಗಳನ್ನು ಪ್ರಕಟಿಸಿದವು. ಪ್ರಯೋಗಾಲಯದಲ್ಲಿ ಡೋಪಮೈನ್ ಕೋಶವಾಗುವ ಹಾದಿಗೆ ಹಚ್ಚಿದ ಕೋಶಗಳನ್ನು ತಲೆಬುರುಡೆ ಕೊರೆದು ನೇರವಾಗಿ ಸ್ಟ್ರಯೇಟಮ್‌ಗೆ ಇಟ್ಟರು, ತಿರಸ್ಕಾರ ತಡೆಯುವ ಔಷಧ ಕೊಟ್ಟರು, ಸುರಕ್ಷಿತವೇ ಎಂದು ಮೊದಲು ನೋಡಿದರು. ಇಲ್ಲಿ ಮಾರುವವರು ಸೊಂಟದ ಮಜ್ಜೆಯಿಂದಲೋ ಕೊಬ್ಬಿನಿಂದಲೋ ತೆಗೆದ ಕೋಶಗಳನ್ನು ರಕ್ತಕ್ಕೋ ಬೆನ್ನುಹುರಿಯ ನೀರಿಗೋ ಚುಚ್ಚುತ್ತಾರೆ. ಅವು ಕಪ್ಪು ಪಟ್ಟಿಯನ್ನು ಹುಡುಕಿಕೊಂಡು ಹೋಗಿ ಹತ್ತು ಲಕ್ಷ ತೂಬು ಹಾಕುವುದಿಲ್ಲ. ನಮ್ಮ ದೇಶದ 2017ರ ಮಾರ್ಗಸೂಚಿಯ ಪ್ರಕಾರ ಇಂಥ ಚಿಕಿತ್ಸೆಯನ್ನು ಅನುಮತಿ ಪಡೆದ ಪ್ರಯೋಗದೊಳಗೆ ಮಾತ್ರ ಮಾಡಬಹುದು. ಪ್ರಯೋಗವೆಂದರೆ ಹಣ ಕೇಳಬಾರದು. ಹಣ ಕೇಳಿದರು ಎಂದರೆ ಮುಂದೇನೂ ಕೇಳಬೇಕಿಲ್ಲ.

ಮೆದುಳಿಗೆ ತಂತಿ ಇಳಿಸಿ ಎದೆಯ ಚರ್ಮದಡಿ ಬ್ಯಾಟರಿ ಕೂರಿಸುವ ಡಿ.ಬಿ.ಎಸ್. ಶಸ್ತ್ರಚಿಕಿತ್ಸೆ ಬೇರೆ ಮಾತು. 1987ರಿಂದ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮಾಡುತ್ತಾರೆ. ತಪ್ಪು ತಾಳ ಹೊಡೆಯುತ್ತಿರುವ ಕೋಶಗಳ ಗದ್ದಲವನ್ನು ಅದು ಅಡಗಿಸುತ್ತದೆ. ನೂರರಲ್ಲಿ ಒಬ್ಬಿಬ್ಬರಿಗೆ ಮೆದುಳಿನಲ್ಲಿ ರಕ್ತಸ್ರಾವದ ಅಪಾಯ, ಸೋಂಕಿನ ಅಪಾಯ, ಖರ್ಚು ಹಲವು ಲಕ್ಷ. ಲೆವೊಡೋಪಾಗೆ ಚೆನ್ನಾಗಿ ಸ್ಪಂದಿಸಿಯೂ ಏರಿಳಿತದಿಂದ ನರಳುವವರಿಗೆ ಅದು. ನಿಮ್ಮ ತಂದೆ ಇನ್ನೂ ಒಂದು ಮಾತ್ರೆ ನುಂಗಿಲ್ಲ.

ಎಣ್ಣೆ ಹೊಡೆದದ್ದರಿಂದ ಬಂತೇ? ಈ ಪ್ರಶ್ನೆಯನ್ನು ಅಪ್ಪ ನಿಮಗಿಂತ ಮೊದಲು ತಮ್ಮನ್ನೇ ಕೇಳಿಕೊಂಡಿರುತ್ತಾರೆ, ಹಾಗಾಗಿ ಎಚ್ಚರದಿಂದ ಹೇಳುತ್ತೇನೆ. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಳಪೆ ಮಾದಕವಸ್ತು ಚುಚ್ಚಿಕೊಂಡ ಕೆಲವು ಯುವಕರು ದಿನಗಳಲ್ಲಿ ಕಲ್ಲಾದರು. ಅದರಲ್ಲಿದ್ದ ಎಂ.ಪಿ.ಟಿ.ಪಿ. ಎಂಬ ಕಲಬೆರಕೆ ಮೆದುಳಿನೊಳಗೆ ರೂಪ ಬದಲಿಸಿ, ಡೋಪಮೈನ್ ವಾಪಸ್ ಎಳೆದುಕೊಳ್ಳುವ ಬಾಗಿಲಿನಿಂದಲೇ ಕಪ್ಪು ಕೋಶಗಳಿಗೆ ನುಗ್ಗಿ ಮೈಟೊಕಾಂಡ್ರಿಯಾದ ಉಸಿರು ಕಟ್ಟಿಸಿತ್ತು. ರಾಸಾಯನಿಕವೊಂದು ಪಾರ್ಕಿನ್ಸನ್ ತರಬಲ್ಲದು ಎಂದು ಅಂದು ಸಾಬೀತಾಯಿತು. ಕಳೆನಾಶಕ ಪ್ಯಾರಾಕ್ವಾಟ್‌ನ ರಚನೆ ಅದರ ದಾಯಾದಿಯಂತಿದೆ. ಅಮೆರಿಕದ ರೈತರಲ್ಲಿ ಪ್ಯಾರಾಕ್ವಾಟ್ ಅಥವಾ ರೊಟಿನೋನ್ ಎಂಬ ಕೀಟನಾಶಕ ಬಳಸಿದವರಿಗೆ ರೋಗದ ಸಾಧ್ಯತೆ ಸುಮಾರು ಎರಡೂವರೆ ಪಟ್ಟು ಎಂದು 2011ರ ಅಧ್ಯಯನ ಹೇಳಿತು. ಯುರೋಪಿನಲ್ಲಿ 2007ರಿಂದ, ಕೇರಳದಲ್ಲಿ 2011ರಿಂದ ಪ್ಯಾರಾಕ್ವಾಟ್ ಇಲ್ಲ. ಇಷ್ಟಾದರೂ, ಎರಡೂವರೆ ಪಟ್ಟು ಎಂದರೆ ಹೊಡೆದವರೆಲ್ಲರಿಗೂ ಬರುತ್ತದೆ ಎಂದಲ್ಲ, ಬಂದವರೆಲ್ಲ ಹೊಡೆದವರೂ ಅಲ್ಲ. ಎಂದೂ ಹೊಲ ತುಳಿಯದ ಗುಮಾಸ್ತರೂ ಮಾಸ್ತರರೂ ನನ್ನ ಬಳಿ ಇದೇ ರೋಗಕ್ಕೆ ಬರುತ್ತಾರೆ. ಇವರೊಬ್ಬರಲ್ಲಿ ಇದೇ ಕಾರಣ ಎಂದು ಯಾವ ಪರೀಕ್ಷೆಯೂ ತೋರಿಸಲಾರದು. ತಪ್ಪು ಮಾಡಿದೆ ಎಂಬ ಭಾರವನ್ನು ಅವರ ಮೇಲೆ ಹೇರಬೇಡಿ. ಇನ್ನು ಮುಂದೆ ಪಂಪು ಹೊರುವುದು ನಿಮ್ಮ ಅಣ್ಣನೋ ತಮ್ಮನೋ ಆಗಿದ್ದರೆ ಕೈಗವಸು, ಮೈತುಂಬ ಬಟ್ಟೆ ಇರಲಿ. ಸೋರುವ ಪಂಪು ಬೆನ್ನನ್ನು ನೆನೆಸುತ್ತದೆ, ವಿಷ ಮೂಗಿಗಿಂತ ಹೆಚ್ಚಾಗಿ ಚರ್ಮದಿಂದ ಒಳಗೆ ಹೋಗುತ್ತದೆ. ಕಲಸಿದ ಕೈಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳಬಾರದು.

(ಇದನ್ನು ಓದುವ ಸಂಡೂರು ಕಡೆಯವರಿಗೆ ಒಂದು ಮಾತು. ಮ್ಯಾಂಗನೀಸ್ ಅದಿರಿನ ದೂಳಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರಲ್ಲಿ ಇದೇ ರೀತಿ ಕಾಣುವ ಬೇರೆ ರೋಗ ಬರಬಹುದು. 1837ರಲ್ಲೇ ಸ್ಕಾಟ್ಲೆಂಡಿನ ಅದಿರು ಪುಡಿಮಾಡುವವರಲ್ಲಿ ಇದನ್ನು ಗುರುತಿಸಿದ್ದರು. ಅಲ್ಲಿ ಹೇಳುವ ಕೋಶಗಳು ಬಹುಪಾಲು ಉಳಿದಿರುತ್ತವೆ, ಕೇಳುವ ಕಡೆ ಪೆಟ್ಟು ಬಿದ್ದಿರುತ್ತದೆ, ಆದ್ದರಿಂದ ಲೆವೊಡೋಪಾ ಅಷ್ಟಾಗಿ ಫಲಿಸುವುದಿಲ್ಲ. ವೈದ್ಯರು ಕೇಳದಿದ್ದರೂ ನಿಮ್ಮ ಹಳೆಯ ಕೆಲಸವನ್ನು ನೀವೇ ಹೇಳಿ.)

ಇನ್ನು ಮದುವೆ. ಪಾರ್ಕಿನ್ಸನ್ ಬಂದವರಲ್ಲಿ ಬಹುಪಾಲು ಜನರ ಮನೆಯಲ್ಲಿ ಬೇರೆ ಯಾರಿಗೂ ಅದಿರುವುದಿಲ್ಲ. ಸಾಮಾನ್ಯ ಜನರಿಗೆ ಜೀವಮಾನದಲ್ಲಿ ಇದು ಬರುವ ಸಾಧ್ಯತೆ ನೂರರಲ್ಲಿ ಒಂದೆರಡು. ತಂದೆಗೆ ಇದ್ದರೆ ಮಕ್ಕಳಿಗೆ ಅದು ಸುಮಾರು ಎರಡು ಪಟ್ಟಾಗುತ್ತದೆ, ಅಂದರೂ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಪಾಲು ನಿಮಗೆ ಬರುವುದಿಲ್ಲ. ರಕ್ತಸಂಬಂಧದ ಮದುವೆಗೆ ತಳಕು ಬೀಳುವುದು ಪಾರ್ಕಿನ್, ಪಿಂಕ್-1 ಕೆಟ್ಟಾಗ ಬರುವ ಬಗೆ. ಅದು ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಬರುತ್ತದೆ, ಬಂದರೆ ಸಾಮಾನ್ಯವಾಗಿ ನಲವತ್ತರೊಳಗೆ. ನಿಮ್ಮ ತಂದೆಗೆ ಅರವತ್ತರ ಹತ್ತಿರ ಶುರುವಾಗಿದೆ, ಈ ಬಗೆಯಾಗಿರುವ ಸಾಧ್ಯತೆ ತೀರಾ ಕಡಿಮೆ. ಇನ್ನೊಂದು ಲೆಕ್ಕ ನೋಡಿ. ಸೋದರಮಾವನ ಮಗ ನಿಮ್ಮ ತಾಯಿಯ ಕಡೆಯವರು. ತಂದೆಯ ರಕ್ತ ಅವರಲ್ಲಿಲ್ಲ, ನಿಮ್ಮ ತಂದೆ ತಾಯಿಯೂ ಮೊದಲೇ ಸಂಬಂಧಿಕರಾಗಿದ್ದರೆ ಮಾತು ಬೇರೆ. ಹತ್ತಿರದ ಸಂಬಂಧದಲ್ಲಿ ಮದುವೆಯಾದಾಗ ಮಕ್ಕಳಿಗೆ ಬೇರೆ ಕೆಲವು ಕಾಯಿಲೆಗಳ ಸಾಧ್ಯತೆ ತುಸು ಹೆಚ್ಚುತ್ತದೆ ಎಂಬುದು ನಿಜ, ಅದಕ್ಕೆ ಮದುವೆಗೆ ಮೊದಲು ವಂಶವಾಹಿ ತಜ್ಞರ ಸಲಹೆ ಪಡೆಯಬಹುದು. ಆ ಪ್ರಶ್ನೆ ಅಪ್ಪನ ಕೈ ನಡುಗುವ ಮೊದಲೂ ಇತ್ತು. ಅತ್ತೆಗೆ ಹೇಳಿ, ಪಾರ್ಕಿನ್ಸನ್ ಹೆಸರಿನಲ್ಲಿ ಈ ಮದುವೆಯನ್ನು ತಡೆಯಲು ನನಗೆ ಕಾರಣ ಕಾಣುವುದಿಲ್ಲ.

ಮಾತ್ರೆ ಶುರುವಾದ ಎರಡು ಮೂರು ವಾರಕ್ಕೆ ಅವರನ್ನು ಭಜನೆಗೆ ಕಳುಹಿಸಿ. ಇದು ಸಮಾಧಾನದ ಮಾತಲ್ಲ, ಚಿಕಿತ್ಸೆ. ತಾನಾಗಿ ಹೊರಡುವ ಚಲನೆಗೆ ಸ್ಟ್ರಯೇಟಮ್ ಬೇಕು. ಹೊರಗಿನ ತಾಳಕ್ಕೆ ಹೆಜ್ಜೆ ಹಾಕುವಾಗ ಮೆದುಳು ಬೇರೆ ದಾರಿಯನ್ನು ಬಳಸಿಕೊಳ್ಳುತ್ತದೆ. ಬಾಗಿಲಲ್ಲಿ ಕಾಲು ಅಂಟಿದಂತಾಗುವವರು ‘ಎಡ, ಬಲ’ ಎಂದು ಎಣಿಸಿದರೆ ದಾಟುತ್ತಾರೆ, ನೆಲದ ಮೇಲೆ ಎಳೆದ ಗೆರೆಯನ್ನು ದಾಟುವಂತೆ ಹೇಳಿದರೂ ದಾಟುತ್ತಾರೆ. ದಿನಾ ಬೆಳಗ್ಗೆ ಕಾಲುವೆ ದಂಡೆಯ ಮೇಲೆ ಬಿರುಸಾಗಿ ಅರ್ಧ ಗಂಟೆ ನಡೆಯಲಿ, ಜೊತೆಗೆ ಒಬ್ಬರಿರಲಿ. ಮಾತು ಕಡಿಮೆ ಮಾಡಿ ಮೂಲೆ ಸೇರಿದರೆ ಅದನ್ನು ಬೇಸರವೆಂದಷ್ಟೇ ತಿಳಿಯಬೇಡಿ. ಖಿನ್ನತೆಯೂ ಈ ರೋಗದ ಭಾಗ, ಅದಕ್ಕೂ ಔಷಧವಿದೆ. ಅವ್ವ ಸದ್ಯಕ್ಕೆ ಬೇರೆ ಮಂಚದಲ್ಲಿ ಮಲಗಲಿ.

ಸಹಿಯ ವಿಷಯ. ಎರಡನೇ ತರಗತಿಯ ಮಕ್ಕಳು ಬರೆಯುವ ಅಗಲ ಗೆರೆಯ ಕಾಪಿ ಪುಸ್ತಕ ತನ್ನಿ. ಎರಡೂ ಗೆರೆ ಮುಟ್ಟುವಂತೆ ದೊಡ್ಡದಾಗಿ ದಿನಾ ಒಂದು ಪುಟ ಹೆಸರು ಬರೆಯಲಿ. ಸೊಸೈಟಿಯಲ್ಲಿ ವೈದ್ಯರ ಪತ್ರ ಕೊಟ್ಟು ಹೊಸ ಮಾದರಿ ಸಹಿ ಪಡೆಯಲು ಕೇಳಿ. ಹೋಗುವ ದಿನ ಮಾತ್ರೆ ಕೊಟ್ಟು ಒಂದು ಗಂಟೆಯಾದ ಮೇಲೆ ಹೊರಡಿ.